ಕೈ ಸುಮ್ಮನಿದೆ

ಆಪರೇಷನ್ ಥಿಯೇಟರಿನಲ್ಲಿ ಅವಳಿಗೆ 'ಕೈಹಿಡಿಯೋ ಡಾಕ್ಟರಮ್ಮ' ಎಂದು ಹೆಸರು. ಹೆಸರಿಟ್ಟವರು ಬೇರೆ ಯಾರೂ ಅಲ್ಲ, ಅವಳ ಗುರುಗಳು, ಅರಿವಳಿಕೆ ವಿಭಾಗದ ಮುಖ್ಯಸ್ಥರಾಗಿದ್ದವರು. "ನಾವೆಲ್ಲ ಜನ್ಮಕ್ಕೆ ಒಬ್ಬರ ಕೈ ಹಿಡಿದೇ ಸಾಕು ಸಾಕಾಗಿದೀವಿ. ಇವಳನ್ನ ನೋಡಿ, ದಿನಾ ಬೆಳಗಾದ್ರೆ ಹೊಸಬರ ಕೈ ಹಿಡೀತಾಳೆ!" ಎಂದು ಅವರು ಹೇಳುವುದು, ಸುತ್ತ ನಿಂತವರು ಮಾಸ್ಕಿನೊಳಗೇ ಕಿಸಕ್ಕೆನ್ನುವುದು, ಅವಳು ಕೇಳಿಸಿಕೊಳ್ಳದವಳ ಹಾಗೆ ಕೆಲಸ ಮುಂದುವರಿಸುವುದು, ಇದು ಎಷ್ಟೋ ವರ್ಷ ನಡೆದುಬಂದ ಪದ್ಧತಿ. ದೊಡ್ಡವರ ಜೋಕು ಎಷ್ಟು ಹಳಸಿದರೂ ಚಿಕ್ಕವರು ನಗಲೇಬೇಕು. ಅರಮನೆಯಾದರೂ ಅಷ್ಟೆ, ಆಸ್ಪತ್ರೆಯಾದರೂ ಅಷ್ಟೆ.

ಅವರಿಗೂ ಒಂದು ಹೆಸರಿತ್ತು, ಬೆನ್ನ ಹಿಂದೆ ಹೇಳುವಂಥದ್ದು: ನಂಬರ್ ಸಾಹೇಬರು. ರೋಗಿಯ ಹಣೆಗೆ ಒಂದು ಪಟ್ಟಿ ಅಂಟಿಸಿದರೆ ಮಿದುಳಿನ ಅಲೆಗಳನ್ನು ಓದಿ ನಿದ್ದೆಯ ಆಳವನ್ನು ಒಂದು ನಂಬರಿನಲ್ಲಿ ತೋರಿಸುವ ಯಂತ್ರವಿದೆಯಲ್ಲ, ಅದನ್ನು ಆ ಆಸ್ಪತ್ರೆಗೆ ಮೊದಲು ತರಿಸಿದವರು ಅವರು. ಪೂರ್ತಿ ಎಚ್ಚರವಿದ್ದವರಿಗೆ ನೂರರ ಹತ್ತಿರ. ಔಷಧ ಏರಿದಂತೆ ನಂಬರ್ ಇಳಿಯುತ್ತದೆ. ಅರವತ್ತರ ಕೆಳಗೆ ಬಂತೋ, ಅಲ್ಲಿಂದ ಮುಂದೆ ಮನುಷ್ಯ ಮರದ ಕೊರಡು ಎಂಬುದು ಅವರ ಸಿದ್ಧಾಂತ. ಯಂತ್ರ ಒಳ್ಳೆಯದೇ, ಎಷ್ಟೋ ಜನರನ್ನು ಕಾಪಾಡಿದೆ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಕೈಗೆ ಒಳ್ಳೆಯ ಯಂತ್ರ ಸಿಕ್ಕರೂ ಕಷ್ಟವೇ.

ಡಾಕ್ಟರಮ್ಮ ಕೈ ಹಿಡಿಯುವ ಕಥೆ ಇಷ್ಟು. ಗಂಟಲಿಗೆ ಉಸಿರಿನ ಟ್ಯೂಬ್ ಇಳಿಸಬೇಕಾದರೆ ಮೊದಲು ನಿದ್ದೆಯ ಔಷಧ, ಆಮೇಲೆ ಮೈ ಸಡಿಲಿಸುವ ಔಷಧ ಕೊಡುತ್ತಾರೆ. ಈ ಎರಡನೆಯದು ಹತ್ತಿತೆಂದರೆ ರೆಪ್ಪೆ ಕೂಡ ಅಲ್ಲಾಡಿಸಲಾಗದು, ಉಸಿರನ್ನೂ ಬೇರೆಯವರೇ ಒತ್ತಿ ಕೊಡಬೇಕು. ಆದರೆ ಅದು ಮೈಯನ್ನು ಕಟ್ಟುತ್ತದೆಯೇ ಹೊರತು ಮನಸ್ಸನ್ನಲ್ಲ. ನಿದ್ದೆ ತೆಳುವಾಗಿದ್ದು ಮೈ ಮಾತ್ರ ಸತ್ತಿದ್ದರೆ, ಹೊರಗಿನಿಂದ ಬೀಗ ಹಾಕಿದ ಕೋಣೆಯಲ್ಲಿ ಎದ್ದು ಕೂತ ಹಾಗೆ. ಅದಕ್ಕೇ ಅವಳು ಆ ಎರಡನೆಯ ಔಷಧ ಕೊಡುವ ಮೊದಲು ರೋಗಿಯ ಒಂದು ತೋಳಿಗೆ ಬಿ.ಪಿ. ನೋಡುವ ಪಟ್ಟಿ ಸುತ್ತಿ ಬಿಗಿಯಾಗಿ ಗಾಳಿ ತುಂಬುತ್ತಿದ್ದಳು. ಸ್ವಲ್ಪ ಹೊತ್ತು ಆ ಕೈಗೆ ರಕ್ತ ಹರಿಯುವುದಿಲ್ಲ, ಔಷಧವೂ ಹೋಗುವುದಿಲ್ಲ. ಮೈಯೆಲ್ಲ ಮಲಗಿದರೂ ಆ ಒಂದು ಕೈ ಮಾತ್ರ ಅಲ್ಲಾಡಬಲ್ಲದು. ಅದನ್ನು ಹಿಡಿದು, ಕಿವಿಯ ಹತ್ತಿರ ಬಗ್ಗಿ, "ನನ್ನ ಮಾತು ಕೇಳಿಸ್ತಿದ್ರೆ ಕೈ ಒತ್ತಿ" ಎನ್ನುವಳು. ಕಾಯುವಳು. ಎಲ್ಲರಿಗೂ ಕೇಳುವಂತೆ "ಕೈ ಸುಮ್ಮನಿದೆ" ಎಂದ ಮೇಲೆಯೇ ಟ್ಯೂಬ್. ನಂಬರ್ ಚೆನ್ನಾಗಿಯೇ ಇದ್ದಾಗಲೂ ಅಪರೂಪಕ್ಕೊಮ್ಮೆ ಕೈ ಒತ್ತಿದ್ದುಂಟು. ಆಗ ಒಂದು ಉಸಿರಿನಷ್ಟೂ ತಡ ಮಾಡದೆ ಇನ್ನಷ್ಟು ನಿದ್ದೆಯ ಔಷಧ ಕೊಟ್ಟು, "ಆಯ್ತು, ಆಯ್ತು, ಮಲ್ಕೊಳಿ" ಎಂದು ಕೈ ಸವರುತ್ತಿದ್ದಳು. ಎದ್ದ ಮೇಲೆ ಅವರಿಗೆ ಅದರ ನೆನಪೇ ಇರುತ್ತಿರಲಿಲ್ಲ.

ಈ ವಿದ್ಯೆ ಅವಳಿಗೆ ಸಿಕ್ಕಿದ್ದು ಪುಸ್ತಕದಲ್ಲಿ. ಹುಡುಕಿಕೊಂಡು ಹೋಗುವಂತೆ ಮಾಡಿದವಳು ಅಕ್ಕ.

ಅಕ್ಕ ಶಾಲೆಯಲ್ಲಿ ಆಟದ ಟೀಚರ್ ಆಗಿದ್ದಳು. ಮೈದಾನದ ಈ ತುದಿಯಲ್ಲಿ ಸೀಟಿ ಊದಿದರೆ ಆ ತುದಿಯ ತುಂಟರು ನಿಂತಲ್ಲೇ ನಿಲ್ಲಬೇಕು, ಅಂಥ ದಮ್ಮು. ತಂಗಿ ಇನ್ನೂ ಆಸ್ಪತ್ರೆಗೆ ಹೊಸಬಳಾಗಿದ್ದಾಗ ಅಕ್ಕನಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. "ನಮ್ಮ ಹುಡುಗಿ ಅಕ್ಕ ಅಂದ್ರೆ ನಮ್ಮನೆಯವರೇ ಅಲ್ವಾ" ಎಂದು ಸಾಹೇಬರು ತಾವೇ ಮುಂದೆ ನಿಂತು ಅರಿವಳಿಕೆ ಕೊಟ್ಟರು. ತಂಗಿಗೆ ವಹಿಸಿದ ಕೆಲಸ ಪರದೆಯ ಮೇಲಿನ ನಂಬರ್ ಓದಿ ಹೇಳುವುದು. ಅವಳು ಅಕ್ಕನ ಮುಖ ನೋಡಲಿಲ್ಲ, ಪರದೆ ನೋಡಿದಳು. "ನಲವತ್ತಾರು ಸರ್" ಎಂದಳು. ಸಾಹೇಬರು ಟ್ಯೂಬ್ ಇಳಿಸಿದರು.

ಎದ್ದು ಮಾತು ಬಂದ ಕೂಡಲೇ ಅಕ್ಕ ಹೇಳಿದ್ದು ಇದು: "ನಂಗೆ ಎಚ್ಚರ ಇತ್ತು ಕಣೇ. ಗಂಟಲಿಗೆ ಅದೇನೋ ತುರುಕಿದ್ರು. ಉಸಿರಾಡೋಕೆ ಆಗ್ಲಿಲ್ಲ. ಎಷ್ಟು ಕಿರುಚಿದೆ ಗೊತ್ತಾ, ಬಾಯೇ ತೆರೀಲಿಲ್ಲ. ನಿನ್ನ ದನಿ ಕೇಳಿಸ್ತು. ನಲವತ್ತಾರು ಅಂದೆ." ಸಾಹೇಬರು ತಮ್ಮ ಹೊಸ ಮನೆಯ ಬಚ್ಚಲಿಗೆ ನೀಲಿ ಟೈಲ್ಸೋ ಬಿಳಿ ಟೈಲ್ಸೋ ಎಂದು ಸರ್ಜನ್ನರನ್ನು ಕೇಳುತ್ತಿದ್ದುದನ್ನೂ ಹೇಳಿದಳು. ಬಿಳಿ ಎಂದು ತೀರ್ಮಾನವಾದದ್ದನ್ನೂ ಹೇಳಿದಳು.

ಸಾಹೇಬರು ಹಾಸಿಗೆಯ ಪಕ್ಕ ಬಂದು ನಿಂತು ನಕ್ಕರು. "ಕನಸಮ್ಮ ಅದು. ನಲವತ್ತಾರರಲ್ಲಿ ಯಾರಿಗೂ ಏನೂ ಕೇಳಿಸಲ್ಲ. ಆಮೇಲೆ ಯಾರೋ ಮಾತಾಡಿದ್ದು ಕಿವಿಗೆ ಬಿದ್ದಿರತ್ತೆ." ತಂಗಿ ಅವರ ಹಿಂದೆ ನಿಂತಿದ್ದಳು. ಟೈಲ್ಸಿನ ಮಾತು ಆಡಿದ್ದು ಟ್ಯೂಬ್ ಇಳಿಸುವ ಹೊತ್ತಿನಲ್ಲೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಕೆಲಸ ಹೊಸದು, ಗುರುಗಳು ದೊಡ್ಡವರು. "ಸರ್ ಹೇಳ್ತಿದಾರಲ್ಲಕ್ಕ, ಕನಸು" ಎಂದಳು. ಆ ಮಾತನ್ನು ಆಮೇಲೆ ಎಷ್ಟೋ ಸಲ ವಾಪಸ್ಸು ನುಂಗಲು ನೋಡಿದ್ದಾಳೆ, ಇಳಿದಿಲ್ಲ.

ಅಕ್ಕ ಅವತ್ತಿನಿಂದ ಅಂಗಾತ ಮಲಗಲಿಲ್ಲ. ಸೀಟಿಯನ್ನು ಹಲ್ಲಿನ ನಡುವೆ ಇಟ್ಟುಕೊಂಡರೆ ಓಕರಿಕೆ ಬರುತ್ತಿತ್ತು, ಕೆಲಸ ಬಿಟ್ಟಳು. ತಂಗಿಯ ಮನೆಗೇ ಬಂದು, ಕಿಟಕಿಯ ಪಕ್ಕದ ದೊಡ್ಡ ಕುರ್ಚಿಯಲ್ಲಿ ದಿಂಬು ಒಟ್ಟಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದಳು. ಅದೂ ಹಗಲಿನ ಬೆಳಕಿನಲ್ಲಿ, ಯಾರಾದರೂ ಕೈ ಹಿಡಿದುಕೊಂಡಿದ್ದರೆ ಮಾತ್ರ. ಡಾಕ್ಟರಮ್ಮ ಸಂಜೆ ಆಸ್ಪತ್ರೆಯಿಂದ ಬಂದು, ಕೈಕಾಲು ತೊಳೆದು, ಅಕ್ಕನ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಅವಳ ಕೈ ಹಿಡಿದು ಕೂರುವಳು. ಹೊರಗೆ ಕತ್ತಲಾಗುವ ಮೊದಲು ಅಕ್ಕನ ಬೆರಳು ಸಡಿಲವಾಗಿ, ತಲೆ ಒಂದು ಕಡೆ ವಾಲುತ್ತಿತ್ತು. ಇಬ್ಬರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ.

ಇತ್ತ ಸಾಹೇಬರು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ 'ಟೈಲ್ಸ್ ಟೀಚರ್' ಕಥೆ ಹೇಳುತ್ತಿದ್ದರು. "ನಲವತ್ತಾರರಲ್ಲಿ ಕೇಳಿಸ್ಕೊಳ್ಳೋ ಕಿವಿ ಇದ್ರೆ ಅದಕ್ಕೆ ಒಂದು ಮೆಡಲ್ ಕೊಡ್ಬೇಕಪ್ಪ." ಅದೇ ವಿಭಾಗದಲ್ಲಿ, ಅದೇ ಕಾರಿಡಾರಿನಲ್ಲಿ, ಆ ಟೀಚರಿನ ತಂಗಿ ಓಡಾಡುತ್ತಿದ್ದಳು ಎಂಬುದು ಅವರಿಗೆ ಮರೆತಿತ್ತು ಎಂದಲ್ಲ. ಮರೆತಿದ್ದರೆ ಕ್ಷಮಿಸಬಹುದಿತ್ತು.

ಡಾಕ್ಟರಮ್ಮನಿಗೆ ಅವರಿಂದ ಬೇಕಾಗಿದ್ದುದು ಒಂದೇ ಮಾತು: ನಿಮ್ಮಕ್ಕ ಸುಳ್ಳು ಹೇಳಲಿಲ್ಲ. ಅಷ್ಟು ಅವರ ಬಾಯಿಂದ ಬಂದುಬಿಟ್ಟರೆ ಅದನ್ನು ಸಂಜೆ ಮನೆಗೆ ಹೊತ್ತು ತಂದು ಅಕ್ಕನ ಮಡಿಲಿಗೆ ಹಾಕುವುದು, ಅಕ್ಕ ಕಾಲು ಚಾಚಿ ಹಾಸಿಗೆಯ ಮೇಲೆ ಮಲಗುವುದು, ಹೀಗೆಲ್ಲ ಅವಳು ಕಲ್ಪಿಸಿಕೊಂಡಿದ್ದಳು. ಎರಡು ಮೂರು ಸಲ ಕೇಳಿಯೂ ಇದ್ದಳು. ಕಲ್ಲಿನ ಮೇಲೆ ನೀರು ಹೊಯ್ದ ಹಾಗಾಯಿತು.

ಸಾಹೇಬರು ನಿವೃತ್ತರಾದರು. ಆಮೇಲೆ ಅವರ ಪಿತ್ತಕೋಶದಲ್ಲಿ ಕಲ್ಲು ಕಾಣಿಸಿಕೊಂಡಿತು. ಬೇರೆ ದೊಡ್ಡ ಆಸ್ಪತ್ರೆಗಳಿದ್ದವು, ಅವರು ಒಪ್ಪಲಿಲ್ಲ. "ನನ್ನ ಥಿಯೇಟರ್, ನನ್ನ ಯಂತ್ರ, ನನ್ನ ಹುಡುಗಿ. ಅವಳ ಕೈ ಹಗುರ, ಹಲ್ಲು ಮುರಿಯಲ್ಲ" ಎಂದರಂತೆ. ಐವತ್ತು ದಾಟಿದ ಹೆಂಗಸು ಅವರಿಗೆ ಇನ್ನೂ ಹುಡುಗಿ.

ಆಪರೇಷನ್ ದಿನ ಬೆಳಿಗ್ಗೆ ಅವರನ್ನು ಟೇಬಲ್ಲಿಗೆ ತಂದಾಗ ಡಾಕ್ಟರಮ್ಮನಿಗೆ ಮೊದಲು ಅನಿಸಿದ್ದು ಅಯ್ಯೋ ಪಾಪ ಎಂದೇ. ಕೋಟು, ಶೂಸು, ಕೊರಳಿನ ಕನ್ನಡಕದ ಸರ ಎಲ್ಲ ಕಳಚಿಟ್ಟು, ಬೆನ್ನಿಗೆ ದಾರ ಕಟ್ಟುವ ತೆಳು ಗೌನಿನಲ್ಲಿ, ಸಾಹೇಬರು ಎಲ್ಲ ಮುದುಕರ ಹಾಗೇ ಇದ್ದರು. ಕಾಲು ತಣ್ಣಗಿತ್ತು, ಅಂಗೈ ಬೆವೆತಿತ್ತು. ಎಷ್ಟೋ ಸಾವಿರ ಜನರನ್ನು ಮಲಗಿಸಿದವರು ತಾವು ಮಲಗಲು ಹೆದರಿದ್ದರು. ಹೆದರಿದಾಗ ಅವರಿಗೆ ಗೊತ್ತಿದ್ದದ್ದು ಒಂದೇ ದಾರಿ, ಇನ್ನೊಬ್ಬರನ್ನು ಆಡಿಕೊಳ್ಳುವುದು.

ಅವಳು ಎಡಗೈಗೆ ಡ್ರಿಪ್ ಹಾಕಿ, ಹಣೆಗೆ ಪಟ್ಟಿ ಅಂಟಿಸಿ, ಬಲತೋಳಿಗೆ ಬಿ.ಪಿ. ಪಟ್ಟಿ ಸುತ್ತತೊಡಗಿದಳು.

"ಏನೇ ಹುಡುಗಿ, ನಂಗೂ ಕಟ್ತೀಯಾ?"

"ಎಲ್ಲರಿಗೂ ಕಟ್ತೀನಿ ಸರ್."

"ಕಟ್ಟು, ಕಟ್ಟು. ಈ ವಯಸ್ಸಲ್ಲಿ ಕೈ ಹಿಡಿಯೋರು ಸಿಗೋದೇ ಪುಣ್ಯ. ನಮ್ಮನೆಯವಳಿಗೆ ಮಾತ್ರ ಹೇಳ್ಬೇಡಿ!" ಎಂದು ಸರ್ಜನ್ನನ ಕಡೆ ಕಣ್ಣು ಮಿಟುಕಿಸಿದರು. ಸರ್ಜನ್ ನಕ್ಕ. ಅವನೂ ಅವರ ಕೈಕೆಳಗೇ ಬೆಳೆದವನು. "ಆದ್ರೆ ಕಣ್ಣು ನಂಬರ್ ಮೇಲಿರ್ಲಿ, ಗೊತ್ತಾಯ್ತಾ? ಅಂದಹಾಗೆ, ನಿಮ್ಮ ಟೈಲ್ಸ್ ಟೀಚರ್ ಹೇಗಿದಾರೆ? ಇನ್ನೂ ಕುರ್ಚಿಲೇ ನಿದ್ದೆನಾ?"

ಮಾಸ್ಕುಗಳ ಒಳಗೆ ಅದೇ ಹಳೆಯ ಕಿಸಕ್.

"ಇನ್ನೂ ಕುರ್ಚಿಲೇ ಸರ್" ಎಂದಳು ಡಾಕ್ಟರಮ್ಮ. ಅವಳ ದನಿಯಲ್ಲಿ ಏನೂ ಇರಲಿಲ್ಲ. ಆಮ್ಲಜನಕದ ಮಾಸ್ಕನ್ನು ಅವರ ಮುಖಕ್ಕೆ ಹಿಡಿದಳು.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಅವಳು ಬೇಕೆಂದು ಕಡಿಮೆ ಔಷಧ ಕೊಡಲಿಲ್ಲ. ಮುದುಕರ ಹೃದಯ, ಜೋರಾಗಿ ಕೊಟ್ಟರೆ ಬಿ.ಪಿ. ಕುಸಿಯುತ್ತದೆ, ಹಾಗಾಗಿ ಯಾವ ಮುದುಕರಿಗೂ ಕೊಡುವಂತೆ ನಿಧಾನವಾಗಿ, ಅಳೆದು, ಬಿಳಿ ಬಣ್ಣದ ನಿದ್ದೆಯ ಔಷಧವನ್ನು ಬಿಟ್ಟಳು. ನಂಬರ್ ಎಂಬತ್ತಾಯಿತು, ಎಪ್ಪತ್ತಾಯಿತು, ಐವತ್ತೆಂಟಕ್ಕೆ ಬಂತು. ರೆಪ್ಪೆ ಮುಟ್ಟಿದಳು, ಅಲ್ಲಾಡಲಿಲ್ಲ. ಬಲತೋಳಿನ ಪಟ್ಟಿಗೆ ಗಾಳಿ ತುಂಬಿ, ಮೈ ಸಡಿಲಿಸುವ ಔಷಧ ಕೊಟ್ಟಳು. ನಂಬರ್ ಇನ್ನೂ ಇಳಿದು ನಲವತ್ತನಾಲ್ಕಕ್ಕೆ ನಿಂತಿತು. ಅದು ಹಾಗೇ, ಹಣೆಯ ಸ್ನಾಯು ಸತ್ತರೂ ನಂಬರ್ ಇಳಿಯುತ್ತದೆ. ಬಾಯಿ ಕಟ್ಟಿದವನ ಮೌನವನ್ನು ಸಮ್ಮತಿ ಎಂದುಕೊಂಡ ಹಾಗೆ.

ನರ್ಸ್ ಮಾಸ್ಕ್ ಹಿಡಿದು ಚೀಲ ಒತ್ತಿ ಉಸಿರು ಕೊಡುತ್ತಿದ್ದಳು. ಡಾಕ್ಟರಮ್ಮ ಹಸಿರು ಹೊದಿಕೆಯ ಕೆಳಗೆ ಕೈಯಿಟ್ಟು ಅವರ ಬಲಗೈ ಹಿಡಿದಳು, ಬಗ್ಗಿ ಕಿವಿಯಲ್ಲಿ ಹೇಳಿದಳು: "ಸರ್, ನನ್ನ ಮಾತು ಕೇಳಿಸ್ತಿದ್ರೆ ಕೈ ಒತ್ತಿ."

ಕೈ ಒತ್ತಿತು.

ಸುಮ್ಮನೆ ಬೆರಳು ಅದುರಿರಬಹುದು ಎಂದುಕೊಂಡಳು. "ಎರಡು ಸಲ ಒತ್ತಿ ಸರ್."

ಒಂದು. ಎರಡು. ಸ್ಪಷ್ಟವಾಗಿ, ಲೆಕ್ಕ ಹಾಕಿ, ಶಿಸ್ತಿನ ಮನುಷ್ಯ ಒತ್ತಿದ ಹಾಗೆ.

ಬಿಳಿಯ ಔಷಧದ ಸಿರಿಂಜು ಡ್ರಿಪ್ಪಿನ ನಳಿಗೇ ಸಿಕ್ಕಿಸಿತ್ತು. ಅರ್ಧ ಉಳಿದಿತ್ತು. ಕೈ ಚಾಚಿ ಹೆಬ್ಬೆರಳಿನಿಂದ ಒಂದು ಸಲ ತಳ್ಳಿದರೆ ಮುಗಿಯಿತು. ಇಷ್ಟು ವರ್ಷ ಯಾರದೇ ಕೈ ಒತ್ತಿದಾಗಲೂ ಅವಳ ಹೆಬ್ಬೆರಳು ಅವಳಿಗಿಂತ ಮೊದಲೇ ಓಡಿದೆ. ಕುಡುಕರಿಗೆ ಓಡಿದೆ, ಕಳ್ಳನೆಂದು ಪೊಲೀಸರು ಕರೆತಂದವನಿಗೆ ಓಡಿದೆ, ಅವಳಿಗೇ ಕೆಟ್ಟ ಮಾತು ಬೈದ ಹೆಂಗಸಿಗೆ ಓಡಿದೆ. ಇವತ್ತು ಅವಳು ಆ ಸಿರಿಂಜನ್ನು ನೋಡಿದಳು. ಮುದುಕರ ಕೈ ಅವಳ ಕೈಯನ್ನು ಬಿಡದೆ ಹಿಡಿದಿತ್ತು. ಆ ಹಿಡಿತದಲ್ಲಿ ಅವಳ ಎದೆಯೊಳಗೆ ಏನೋ ತಣ್ಣಗಾಯಿತು, ಅದು ಹಿತವಾಗಿತ್ತು. ಹಿತವಾಗಿತ್ತು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

"ಮೇಡಂ, ಕೈ?" ಎಂದಳು ನರ್ಸ್, ವಾಡಿಕೆಯಂತೆ.

"ಕೈ ಸುಮ್ಮನಿದೆ" ಎಂದಳು ಡಾಕ್ಟರಮ್ಮ.

ಅವಳು ಆ ಮಾತು ಹೇಳಿದ ಮೇಲೆ ಆ ಥಿಯೇಟರಿನಲ್ಲಿ ಯಾರೂ ಇನ್ನೊಮ್ಮೆ ಕೇಳುವುದಿಲ್ಲ. ನಂಬರನ್ನಾದರೂ ಅನುಮಾನಿಸಿಯಾರು, ಅವಳ ಕೈಯನ್ನಲ್ಲ. ಅವಳು ಬೆರಳು ಬಿಡಿಸಿಕೊಂಡು ತಲೆಯ ಕಡೆಗೆ ಹೋದಳು. ರೋಗಿಯ ಕಿವಿಯಲ್ಲಿ ಅವಳು ಏನಾದರೊಂದು ಹೇಳುತ್ತಲೇ ಇರುತ್ತಾಳೆ ಎಂದು ಎಲ್ಲರಿಗೂ ಗೊತ್ತು, ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅವಳು ಹೇಳಿದಳು: "ಸರ್, ನಂಬರ್ ನಲವತ್ನಾಲ್ಕು. ನಲವತ್ನಾಲ್ಕರಲ್ಲಿ ಯಾರಿಗೂ ಏನೂ ಗೊತ್ತಾಗಲ್ಲ. ಈಗ ಟ್ಯೂಬ್ ಹಾಕ್ತೀನಿ."

ಬಾಯಿ ತೆರೆದು ಲೋಹದ ಅಲಗನ್ನು ನಾಲಿಗೆಯ ಬುಡದವರೆಗೆ ಇಳಿಸಿ ಎತ್ತಿದಳು. ಅವಳ ಕೈ ನಿಜವಾಗಿಯೂ ಹಗುರ, ಹಲ್ಲಿಗೆ ತಾಗಲಿಲ್ಲ. ಧ್ವನಿತಂತುಗಳು ಬಿಳಿಯಾಗಿ, ತೆರೆದು ಕಂಡವು. ಎಷ್ಟು ವರ್ಷ ಪಾಠ ಹೇಳಿದ, ಎಷ್ಟು ಸಲ ನಗಿಸಿದ ಗಂಟಲು. ಅದರ ನಡುವೆ ಟ್ಯೂಬ್ ತೂರಿಸಿದಳು. ತಲೆಯ ಹತ್ತಿರ ನಿಂತವಳಿಗೆ ಮಾತ್ರ ಕಾಣುವಂತೆ, ಹಸಿರು ಹೊದಿಕೆಯ ಕೆಳಗೆ ಒಂದು ಕೈ ಅತ್ತಿತ್ತ ತಡಕಾಡುತ್ತಿತ್ತು. ಟೇಬಲ್ಲಿನ ಕಂಬಿ ಹಿಡಿಯಿತು, ಬಿಟ್ಟಿತು, ಮತ್ತೆ ಯಾರನ್ನೋ ಹುಡುಕಿತು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಆಡುವ ಬೆಕ್ಕು ಇಷ್ಟು ಶಾಂತವಾಗಿರುತ್ತದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ.

"ಮೇಡಂ, ಹಾರ್ಟ್ ತುಂಬ ಓಡ್ತಿದೆ" ಎಂದಳು ನರ್ಸ್.

"ಟ್ಯೂಬ್ ಹಾಕಿದಾಗ ಓಡತ್ತೆ."

ಸುಳ್ಳಲ್ಲ. ಮಲಗಿದವರದೂ ಓಡುತ್ತದೆ. ಅವರ ಎಡಗಣ್ಣಿನ ಮೂಲೆಯಿಂದ ನೀರು ಕಿವಿಯ ಕಡೆಗೆ ಇಳಿಯಿತು. ಅವಳು ಹತ್ತಿಯಿಂದ ಒರೆಸಿ, ಎರಡೂ ರೆಪ್ಪೆಗಳ ಮೇಲೆ ಟೇಪ್ ಅಂಟಿಸಿದಳು. ಯಂತ್ರ ಉಸಿರು ಕೊಡತೊಡಗಿತು. ಅವಳು ಮತ್ತೆ ಹೊದಿಕೆಯ ಕೆಳಗೆ ಕೈ ಹಾಕಿದಳು. ಆ ಕೈ ಅವಳ ಬೆರಳುಗಳನ್ನು ಮುರಿಯುವಂತೆ ಹಿಡಿದುಕೊಂಡಿತು.

"ನಮ್ಮಕ್ಕ ಸುಳ್ಳು ಹೇಳಲಿಲ್ಲ ಅಂತಾದ್ರೆ ಕೈ ಒತ್ತಿ ಸರ್."

ಒತ್ತಿದರು. ಒತ್ತಿದರು, ಒತ್ತಿದರು, ನಿಲ್ಲಿಸಲೇ ಇಲ್ಲ. ಇಷ್ಟು ವರ್ಷ ಕಾದ ಮಾತು ಅವಳ ಅಂಗೈಗೆ ಬಂದು ಬಿದ್ದಿತ್ತು. ಅದು ಬಿದ್ದ ಮರುಕ್ಷಣವೇ ಅವಳಿಗೆ ತಿಳಿಯಿತು, ಈ ಹೊತ್ತಿನಲ್ಲಿ ಏನು ಕೇಳಿದ್ದರೂ ಈ ಕೈ ಒತ್ತುತ್ತಿತ್ತು. ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಾನೆಯೇ ಎಂದಿದ್ದರೂ ಒತ್ತುತ್ತಿತ್ತು. ಮುಳುಗುವವನ ಹತ್ತಿರ ಸಹಿ ಹಾಕಿಸಿಕೊಂಡ ಹಾಗಾಯಿತು. ಕೋಪ ಬಂತು ಅವಳಿಗೆ, ಅವರ ಮೇಲೆಯೇ, ಇದನ್ನೂ ತನಗೆ ಸರಿಯಾಗಿ ಕೊಡಲಿಲ್ಲವಲ್ಲ ಎಂದು.

"ಶುರು ಮಾಡ್ಲಾ ಮೇಡಂ?" ಎಂದ ಸರ್ಜನ್, ಕೈಯಲ್ಲಿ ಕತ್ತಿ.

ಅವಳ ಹೆಬ್ಬೆರಳು ಆಗ ಓಡಿತು. ಬಿಳಿಯ ಔಷಧ ಪೂರ್ತಿ ಹೋಯಿತು. ಹಿಡಿದ ಬೆರಳುಗಳು ಒಂದೊಂದಾಗಿ ಸಡಿಲವಾದವು. ತೋಳಿನ ಪಟ್ಟಿಯ ಗಾಳಿ ಬಿಟ್ಟು, "ಮಾಡಿ" ಎಂದಳು. ನಂಬರ್ ಮೂವತ್ತಕ್ಕೆ ಇಳಿದಿತ್ತು. ಕತ್ತಿ ತಾಗುವ ಮೊದಲೇ ಮಲಗಿಸಿದೆ, ಅಷ್ಟು ಕರುಣೆ ತೋರಿಸಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಎಲ್ಲ ಸೇರಿ ಎಷ್ಟು ಹೊತ್ತು? ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ಇರಲಿಲ್ಲ.

ಮರುದಿನ ಬೆಳಿಗ್ಗೆ ರೌಂಡ್ಸಿನಲ್ಲಿ ಅರಿವಳಿಕೆಯ ಡಾಕ್ಟರ್ ರೋಗಿಗೆ ಕೇಳಲೇಬೇಕಾದ ಮೂರು ಪ್ರಶ್ನೆಗಳಿವೆ: ಮಲಗುವ ಮೊದಲು ಕೊನೆಗೆ ಏನು ನೆನಪು, ಎದ್ದ ಮೇಲೆ ಮೊದಲು ಏನು ನೆನಪು, ನಡುವೆ ಏನಾದರೂ ನೆನಪಿದೆಯೇ. ಆ ಪ್ರಶ್ನೆಗಳನ್ನು ಆ ಆಸ್ಪತ್ರೆಗೆ ತಂದವರೂ ಸಾಹೇಬರೇ. ಅವಳು ಒಳಗೆ ಹೋದಾಗ ಅವರು ಬೆನ್ನಿಗೆ ಮಂಚ ಎತ್ತಿಸಿಕೊಂಡು ನೆಟ್ಟಗೆ ಕೂತಿದ್ದರು. ಹಗಲಾದರೂ ಕೋಣೆಯ ದೀಪಗಳೆಲ್ಲ ಉರಿಯುತ್ತಿದ್ದವು. ಪಕ್ಕದಲ್ಲಿ ಅವರ ಹೆಂಡತಿ ಟೀ ಆರಿಸುತ್ತಿದ್ದರು.

"ಬಾಮ್ಮ, ನೀನಾದ್ರೂ ಹೇಳು" ಎಂದರು ಹೆಂಡತಿ. "ಆಮ್ಲಜನಕದ ಮಾಸ್ಕ್ ಮುಖಕ್ಕೆ ತಂದ್ರೆ ಕಿತ್ತು ಎಸೀತಾರೆ. ಬೆನ್ನು ಹಾಸಿಗೆಗೆ ತಾಗಿಸಿಲ್ಲ. ಟೀ ಕೊಟ್ರೆ ಗಂಟಲಲ್ಲಿ ಇಳಿಯಲ್ಲ ಅಂತಾರೆ. ಮಗು ಥರ ಹಟ."

"ಮಲಗೋ ಮೊದಲು ಕೊನೆಗೆ ಏನು ನೆನಪಿದೆ ಸರ್?"

"ನಿನ್ನ ಮಾಸ್ಕ್." ದನಿ ಗೊರಗೊರ ಎನ್ನುತ್ತಿತ್ತು.

"ಎದ್ದ ಮೇಲೆ?"

"ಇವಳ ಮುಖ."

"ನಡುವೆ ಏನಾದ್ರೂ?"

ಸಾಹೇಬರು ಅವಳ ಮುಖ ನೋಡಿದರು. ಅಷ್ಟು ಹೊತ್ತು ಅವರು ಅವಳನ್ನು ಹಿಂದೆಂದೂ ನೋಡಿರಲಿಲ್ಲ. ಅವಳು ಕಾದಳು. ಎಚ್ಚರ ಇತ್ತು ಎನ್ನಲಿ, ನೀನು ಹೀಗೆ ಮಾಡಿದೆ ಎಂದು ಕೂಗಲಿ, ತನ್ನ ಕೆಲಸ ಹೋಗಲಿ, ಜೈಲಿಗೆ ಹಾಕಿಸಲಿ. ಏನೇ ಹೇಳಿದರೂ ಅದರ ಒಳಗೆ ಅಕ್ಕನ ಮಾತು ನಿಜ ಎಂಬುದು ಇದ್ದೇ ಇರುತ್ತದೆ. ಅದು ಅವರಿಗೂ ಗೊತ್ತಿತ್ತು.

"ನಂಬರ್ ಎಷ್ಟಿತ್ತು?" ಎಂದರು.

"ನಲವತ್ನಾಲ್ಕು ಸರ್."

"ಮತ್ತೆ? ನಲವತ್ನಾಲ್ಕರಲ್ಲಿ ಏನಿರತ್ತೆ? ಏನೂ ಇರಲ್ಲ."

"ನೋಡಿದ್ಯಾ, ಅಷ್ಟು ಚೆನ್ನಾಗಿ ನಿದ್ದೆ ಮಾಡಿದಾರೆ" ಎಂದರು ಹೆಂಡತಿ.

ಡಾಕ್ಟರಮ್ಮ 'ನೆನಪಿಲ್ಲ' ಎಂದು ಬರೆದುಕೊಂಡಳು. ನಾಡಿ ನೋಡಲು ಕೈ ಚಾಚಿದಳು. ಸಾಹೇಬರು ಬಲಗೈಯನ್ನು ಸರಕ್ಕನೆ ಹೊದಿಕೆಯೊಳಗೆ ಎಳೆದುಕೊಂಡರು. ಎಳೆದುಕೊಂಡು, ಎಡಗೈಯಿಂದ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಮುಖದಲ್ಲಿ ಮಾತ್ರ ಅದೇ ಗತ್ತು. ಬಾಯಿ ಬಿಡುವುದಕ್ಕಿಂತ ಇನ್ನು ಮುಂದೆ ಕೂತೇ ಕಳೆಯುವುದು ವಾಸಿ ಎಂದು ಅವರು ತೀರ್ಮಾನ ಮಾಡಿಬಿಟ್ಟಿದ್ದರು.

ಸಂಜೆ ಅವಳು ಮನೆಗೆ ಬಂದಾಗ ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಅಕ್ಕ ಕುರ್ಚಿಯಲ್ಲಿ ಶಾಲು ಹೊದ್ದು ಕೂತು, ಕೆಳಗೆ ಬೀದಿಯಲ್ಲಿ ಚೆಂಡು ಒದೆಯುತ್ತಿದ್ದ ಮಕ್ಕಳನ್ನು ನೋಡುತ್ತಿದ್ದಳು. "ಆ ಕೆಂಪು ಅಂಗಿಯವನು ಕಾಲೇ ಎತ್ತಲ್ಲ, ಸೋಮಾರಿ" ಎಂದಳು. ತಂಗಿ ಕೈಕಾಲು ತೊಳೆದು ಬಂದು ಸ್ಟೂಲ್ ಎಳೆದುಕೊಂಡಳು. ಹೇಳದೆ ಇರಬಹುದಿತ್ತು. ಆದರೆ ಮಾಡಿದ್ದು ಯಾರಿಗೋಸ್ಕರವೋ ಅವರಿಗೇ ಹೇಳದಿದ್ದರೆ ಮಾಡಿದ್ದಾದರೂ ಯಾಕೆ?

"ಅಕ್ಕ, ಸಾಹೇಬರು ಒಪ್ಕೊಂಡ್ರು. ನೀನು ಹೇಳಿದ್ದು ನಿಜ ಅಂತ."

ಅಕ್ಕ ತಿರುಗಿದಳು. ಎಷ್ಟೋ ವರ್ಷಗಳ ಮೇಲೆ ಆ ಮುಖದಲ್ಲಿ ಮೈದಾನದ ಟೀಚರ್ ಒಂದು ಕ್ಷಣ ಕಾಣಿಸಿದಳು. "ಅವರೇ ಹೇಳಿದ್ರಾ? ಬಾಯಿಬಿಟ್ಟು?"

"ಬಾಯಲ್ಲಿ ಅಲ್ಲ."

ಹಾಗಾದರೆ ಹೇಗೆ ಎಂದು ಅಕ್ಕ ಕೇಳಿದಳು. ತಂಗಿ ಹೇಳಿದಳು. ಮೊದಮೊದಲು ತಡವರಿಸಿ, ಆಮೇಲೆ ಹುರುಪಿನಿಂದ, ಮಾಡಿದ್ದುಣ್ಣೋ ಮಹರಾಯ ಎನ್ನುವ ದನಿಯಲ್ಲಿ, ಎಲ್ಲವನ್ನೂ ಹೇಳಿದಳು. ಕೈ ಒತ್ತಿದ್ದು, ಸಿರಿಂಜು, ಟ್ಯೂಬ್, ಹೊದಿಕೆಯ ಕೆಳಗೆ ತಡಕಾಡಿದ ಕೈ, ಕಣ್ಣೀರು, ಪ್ರಶ್ನೆ. ಕತ್ತಿ ತಾಗುವ ಮೊದಲೇ ಮಲಗಿಸಿದ್ದನ್ನು ಎರಡು ಸಲ ಹೇಳಿದಳು. ಬೀದಿಯಲ್ಲಿ ಮಕ್ಕಳ ಕೂಗಾಟ ನಡೆದೇ ಇತ್ತು.

"ಕತ್ತಿ ಏನೂ ಅಲ್ಲ ಕಣೇ" ಎಂದಳು ಅಕ್ಕ. "ಉಸಿರು. ಅದೊಂದೇ."

"ಗೊತ್ತು."

"ಅವರು ನಿನ್ನ ಕೈ ಹಿಡ್ಕೊಂಡಿದ್ರು."

"ಹೂಂ."

"ನೀನು ಕೈ ಸುಮ್ಮನಿದೆ ಅಂದೆ."

ತಂಗಿ ತನ್ನ ಅಂಗೈ ನೋಡಿಕೊಂಡಳು.

"ನಂಗೆ ಆವತ್ತು ಹಿಡ್ಕೊಳ್ಳೋಕೆ ಒಂದು ಕೈ ಇರ್ಲಿಲ್ಲ" ಎಂದಳು ಅಕ್ಕ. ದನಿ ಏರಲಿಲ್ಲ. "ಒಂದು ಕೈ ಇದ್ದಿದ್ರೆ ಯಾರಾದ್ರೂ ಬಿಡಿಸ್ತಿದ್ರು, ಗೊತ್ತಾದ್ರೆ ಯಾರೂ ಹಾಗೆ ಬಿಡಲ್ಲ, ಅಂತ ಅಂದ್ಕೊಂಡೇ ನಾನು ಇಷ್ಟು ವರ್ಷ ಬದುಕಿದ್ದು. ಅವರಿಗೆ ಗೊತ್ತಿರ್ಲಿಲ್ಲ ಕಣೇ. ದಡ್ಡ ಮನುಷ್ಯ, ಸೊಕ್ಕಿನ ಮನುಷ್ಯ, ಆದ್ರೆ ಗೊತ್ತಿರ್ಲಿಲ್ಲ. ನಿಂಗೆ ಗೊತ್ತಿತ್ತು."

"ನಿನಗೋಸ್ಕರ ಅಕ್ಕ."

"ನನ್ನ ಹೆಸರು ಹೇಳ್ಬೇಡ."

ತಂಗಿಗೆ ಅಳು ಬಂತು. ಅಳು ಬಂದಾಗ ಅಭ್ಯಾಸದಂತೆ ಕೈ ಮುಂದೆ ಹೋಯಿತು. ಅಕ್ಕ ತನ್ನ ಕೈಯನ್ನು ಶಾಲಿನೊಳಗೆ ಎಳೆದುಕೊಂಡಳು. ಎಳೆದುಕೊಂಡ ರೀತಿ ಬೆಳಿಗ್ಗೆ ನೋಡಿದ್ದೇ ಆಗಿತ್ತು.

ಅಕ್ಕ ಗೋಡೆಯ ಕಡೆ ನೋಡುತ್ತ ಹೇಳಿದಳು: "ಅವರ ಮನೆಯವರಿಗೆ ಹೇಳಿ ಕಳಿಸು. ಅಂಗಾತ ಮಲಗಿಸಬೇಡಿ ಅಂತ. ಬೆನ್ನಿಗೆ ಗಟ್ಟಿ ದಿಂಬು, ಕುತ್ತಿಗೆಗೆ ಮೆತ್ತನೇದು. ದೀಪ ಆರಿಸೋದು ಬೇಡ. ಊಟ ಚಿಕ್ಕ ಚಮಚದಲ್ಲಿ ಕೊಡ್ಲಿ, ದೊಡ್ಡದು ಬಾಯಿಗೆ ತಂದ್ರೆ ಆಗಲ್ಲ. ಯಾರಾದ್ರೂ ಕೈ ಹಿಡ್ಕೊಂಡ್ರೆ ಸ್ವಲ್ಪ ನಿದ್ದೆ ಬರತ್ತೆ." ತಡೆದು, "ನೀನು ಹೋಗಬೇಡ" ಎಂದಳು.

ಬೀದಿಯ ಮಕ್ಕಳನ್ನು ಯಾರೋ ಮನೆಗೆ ಕರೆದರು. ಕಿಟಕಿಯ ಬೆಳಕು ಕಡಿಮೆಯಾಗುತ್ತ ಬಂತು. ಅಕ್ಕನ ತಲೆ ವಾಲುವ ಹೊತ್ತು. ತಂಗಿ ಸ್ಟೂಲಿನ ಮೇಲೆ ಕೂತೇ ಇದ್ದಳು, ಕೈಗಳನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು. ಅಕ್ಕನ ಕಣ್ಣು ಕೆಂಪಾಗಿತ್ತು, ನಿದ್ದೆ ಕಣ್ಣಿನ ತುಂಬ ಇತ್ತು, ರೆಪ್ಪೆ ಎಳೆಯುತ್ತಿತ್ತು. ಪ್ರತಿ ಸಲ ಮುಚ್ಚಿಕೊಳ್ಳುವಷ್ಟರಲ್ಲಿ ಬೆಚ್ಚಿ ತೆರೆದು, ಸ್ಟೂಲಿನ ಮೇಲೆ ಇರುವವಳು ಯಾರೆಂದು ನೋಡುತ್ತಿದ್ದಳು.

"ನೀನು ಆಚೆ ಹೋದ್ರೆ ನಾನು ಮಲಗ್ತೀನಿ" ಎಂದಳು ಕೊನೆಗೆ.

ತಂಗಿ ಎದ್ದು ಹೋದಳು. ಒಳಗಿನಿಂದ ಅಕ್ಕ ಚಿಲಕ ಹಾಕಿಕೊಂಡದ್ದು ಅವಳಿಗೆ ಕೇಳಿಸಿತು.